ಹುಲ್ಲು ಕೊಯ್ಯಲು ಎಷ್ಟು ಸದ್ದು ಬೇಕು?

ಟ್ರ್ಯಾಕ್ಟರು ಜೋರಾಗಿ ಕೂಗಿದರೆ ಕೆಲಸವೂ ಜೋರಾಗಿ ಸಾಗುತ್ತದೆ ಎಂಬ ನಂಬಿಕೆ ನಮ್ಮ ಹೊಲಗಳಲ್ಲಿ ಬೇರುಬಿಟ್ಟಿದೆ. ಉಳುಮೆಯ ದಿನಗಳಲ್ಲಿ ಹುಟ್ಟಿದ ನಂಬಿಕೆ ಇದು. ನೇಗಿಲು ಗಟ್ಟಿ ಮಣ್ಣಿಗೆ ಇಳಿದಾಗ ಎಂಜಿನ್ನಿಗೆ ನಿಜವಾಗಿಯೂ ಬಲ ಬೇಕು, ಕೂಗುವುದಕ್ಕೆ ಅರ್ಥವಿದೆ. ಆದರೆ ಅದೇ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಯ್ಯುವ ಯಂತ್ರ ಕಟ್ಟಿದಾಗಲೂ ಕೈ ಆಕ್ಸಿಲರೇಟರನ್ನು ಕೊನೆಯವರೆಗೆ ಎಳೆದು ಬಿಡುವುದು ರೂಢಿ. ಹುಲ್ಲು ಮಣ್ಣಿನಂತೆ ಎದುರು ನಿಲ್ಲುವ ವಸ್ತುವಲ್ಲ, ಅದಕ್ಕೆ ಬೇಕಾದ ಬಲ ತೀರ ಸ್ವಲ್ಪ. ಉಳಿದದ್ದೆಲ್ಲ ಶಾಖವಾಗಿ, ಗಾಳಿಯಾಗಿ, ಸದ್ದಾಗಿ ಹೋಗುತ್ತದೆ. ಅದರ ಬೆಲೆಯನ್ನು ಡೀಸೆಲ್ ಬಂಕಿನಲ್ಲಿ ಒಬ್ಬರು, ಚಾಲಕನ ಸೀಟಿನಲ್ಲಿ ಇನ್ನೊಬ್ಬರು, ಪಕ್ಕದ ಮನೆಯಲ್ಲಿ ಮತ್ತೊಬ್ಬರು ಕಟ್ಟುತ್ತಾರೆ. ಈ ಮೂರೂ ಖರ್ಚು ಒಂದೇ ಕಡೆಯಿಂದ ಹೊರಡುತ್ತವೆ, ಆದ್ದರಿಂದ ಒಂದೇ ಕಡೆ ಕೈಯಿಟ್ಟು ಮೂರನ್ನೂ ಇಳಿಸಬಹುದು ಎಂಬುದು ನನ್ನ ವಾದ. ಅದಕ್ಕೆ ಹೊಸ ಟ್ರ್ಯಾಕ್ಟರು ಕೊಳ್ಳಬೇಕಿಲ್ಲ.

ನೆಲಮಂಗಲದಲ್ಲಿ ನಿಂತು ಈ ಮಾತು ಹೇಳಲು ಕಾರಣವಿದೆ. ತ್ಯಾಮಗೊಂಡ್ಲು, ಸೋಂಪುರ ಹೋಬಳಿಗಳ ಹಳ್ಳಿಗಳಲ್ಲಿ ಮನೆ ನಡೆಯುವುದು ಬಹುಮಟ್ಟಿಗೆ ಡೈರಿಗೆ ಹಾಕುವ ಹಾಲಿನಿಂದ. ಬೆಂಗಳೂರು ಹಾಲು ಒಕ್ಕೂಟ, ಅಂದರೆ ಬಮೂಲ್, ಬೆಳಿಗ್ಗೆ ಸಂಜೆ ಹಾಲು ಎತ್ತುತ್ತದೆ. ರಾಗಿಹುಲ್ಲಿನ ಮೆದೆಯೊಂದರಿಂದಲೇ ಆ ಹಾಲು ಬರುವುದಿಲ್ಲ. ಬೋರ್‌ವೆಲ್ ನೀರು ಸಿಗುವ ಕಡೆಯೆಲ್ಲ ಸೀಮೆಹುಲ್ಲು, ಮೇವಿನ ಮುಸುಕಿನ ಜೋಳ ಬೆಳೆದಿವೆ. ಗೋಮಾಳಗಳು ಕರಗುತ್ತ ಬಂದಂತೆ ದನ ಮೇಯಲು ಹೋಗುವುದು ಕಡಿಮೆಯಾಯಿತು, ಮೇವೇ ಕೊಟ್ಟಿಗೆಗೆ ಬರಬೇಕಾಯಿತು. ತಾಲ್ಲೂಕಿನ ಪೂರ್ವಕ್ಕೆ ಹೆಸರಘಟ್ಟವಿದೆ. ಕೇಂದ್ರ ಸರ್ಕಾರದ ದನದ ತಳಿ ಕೇಂದ್ರ, ಘನೀಕೃತ ವೀರ್ಯ ತರಬೇತಿ ಸಂಸ್ಥೆ, ಪ್ರಾದೇಶಿಕ ಮೇವು ಕೇಂದ್ರ ಮೂರೂ ಅಲ್ಲಿವೆ. ಬೆಂಗಳೂರಿನ ಸುತ್ತ ಉಳಿದಿರುವ ದೊಡ್ಡ ಹುಲ್ಲುಗಾವಲೂ ಅಲ್ಲಿಯದೇ. ಮೇವನ್ನು ಶಾಸ್ತ್ರವಾಗಿ ಬೆಳೆಯುವ ಬಗೆಯನ್ನು ತೋರಿಸಬೇಕಾದ ಜಾಗ ನಮ್ಮ ಪಕ್ಕದಲ್ಲೇ ಇದೆ. ಮೇವನ್ನು ಶಾಸ್ತ್ರವಾಗಿ ಕೊಯ್ಯುವುದೂ ಒಂದು ವಿದ್ಯೆ ಎಂದು ಮಾತ್ರ ನಾವಿನ್ನೂ ಒಪ್ಪಿಕೊಂಡಿಲ್ಲ.

ಮೊದಲಿಗೆ ಎಂಜಿನ್ನಿನ ವಿಚಾರ. ಡೀಸೆಲ್ ಎಂಜಿನ್ ತನ್ನ ಒಳಗಿನ ಉಜ್ಜಾಟಕ್ಕೆ, ನೀರಿನ ಪಂಪಿಗೆ, ರೇಡಿಯೇಟರಿನ ಫ್ಯಾನಿಗೆ, ಗಾಳಿ ಒಳಗೆಳೆದು ಹೊಗೆ ಹೊರಗೆ ದೂಡುವುದಕ್ಕೆ ಒಂದಿಷ್ಟು ಶಕ್ತಿಯನ್ನು ಸದಾ ವ್ಯಯಿಸುತ್ತಿರುತ್ತದೆ. ಕೆಲಸ ಇರಲಿ ಇಲ್ಲದಿರಲಿ, ತಿರುಗುವ ವೇಗ ಹೆಚ್ಚಿದಂತೆ ಈ ಒಳಖರ್ಚು ಹೆಚ್ಚುತ್ತದೆ. ಹೊರೆ ಭಾರವಾಗಿದ್ದಾಗ ಒಳಖರ್ಚು ಒಟ್ಟು ಡೀಸೆಲಿನಲ್ಲಿ ಸಣ್ಣ ಪಾಲು. ಹಗುರ ಹೊರೆಯಲ್ಲಿ ಅದೇ ದೊಡ್ಡ ಪಾಲಾಗುತ್ತದೆ. ತುಮಕೂರು ರಸ್ತೆಯಲ್ಲಿ ಬೈಕನ್ನು ಎರಡನೇ ಗೇರಿನಲ್ಲೇ ಕಿರುಚಿಸಿಕೊಂಡು ನಲವತ್ತರ ವೇಗದಲ್ಲಿ ಓಡಿಸುವವರನ್ನು ಕಂಡರೆ ಯಾರಾದರೂ ತಡೆದು ಗೇರು ಹಾಕಪ್ಪ ಎನ್ನುತ್ತಾರೆ. ಟ್ರ್ಯಾಕ್ಟರಿನಲ್ಲೂ ತಪ್ಪು ಅದೇ, ಹೇಳುವವರಿಲ್ಲ. ಹಗುರ ಕೆಲಸಕ್ಕೆ ಗೇರು ಏರಿಸಿ ರೈಸ್ ಇಳಿಸಿದರೆ ಚಕ್ರದ ವೇಗ ಅಷ್ಟೇ ಉಳಿಯುತ್ತದೆ, ಎಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತದೆ.

ಇದು ಬಾಯಿಮಾತಿನ ಉಪಾಯವಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯ 1919ರಲ್ಲಿ ಒಂದು ಕಾನೂನು ಮಾಡಿ, ಮಾರಾಟಕ್ಕೆ ಬರುವ ಟ್ರ್ಯಾಕ್ಟರುಗಳನ್ನು ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಬೇಕೆಂದು ವಿಧಿಸಿತು. ಕಂಪನಿಗಳ ಸುಳ್ಳು ಜಾಹೀರಾತಿನಿಂದ ಬೇಸತ್ತ ರೈತರಿಗಾಗಿ ಬಂದ ಕಾನೂನು ಅದು. ಅಲ್ಲಿನ ಪರೀಕ್ಷೆಗಳಲ್ಲಿ ಪೂರ್ಣ ಹೊರೆಯ ಜೊತೆಗೆ ಅರ್ಧ ಹೊರೆಯನ್ನು ಪೂರ್ಣ ವೇಗದಲ್ಲೂ ಇಳಿಸಿದ ವೇಗದಲ್ಲೂ ಅಳೆಯುತ್ತಾರೆ. ಅದೇ ಕೆಲಸ, ಅದೇ ಓಟ. ಆದರೂ ಎಂಜಿನ್ ವೇಗ ಇಳಿಸಿದಾಗ ಇಂಧನ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ ಎಂಬುದು ಆ ವರದಿಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ನಮ್ಮಲ್ಲೂ ಇಂಥ ವ್ಯವಸ್ಥೆ ಉಂಟು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ದಕ್ಷಿಣಕ್ಕೆಂದು ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಇನ್ನೊಂದಿದೆ. ಬುದ್ನಿಯ ವರದಿಗಳಲ್ಲಿ ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟು) ಶಕ್ತಿ, ಇಂಧನದ ಬಳಕೆಯ ಜೊತೆಗೆ ಚಾಲಕನ ಕಿವಿಯ ಬಳಿಯ ಸದ್ದೂ, ಪಕ್ಕದಲ್ಲಿ ನಿಂತವರಿಗೆ ಕೇಳುವ ಸದ್ದೂ ಡೆಸಿಬೆಲ್ ಲೆಕ್ಕದಲ್ಲಿ ಅಚ್ಚಾಗಿರುತ್ತವೆ. ಟ್ರ್ಯಾಕ್ಟರು ಕೊಳ್ಳುವಾಗ ಆ ಪುಟ ನೋಡಿದ ರೈತರನ್ನು ನಾನು ಕಂಡಿಲ್ಲ. ಶೋರೂಮಿನಲ್ಲಿ ಅದನ್ನು ತೆಗೆದು ತೋರಿಸಿದವರನ್ನೂ ಕಂಡಿಲ್ಲ.

ಹುಲ್ಲು ಕೊಯ್ಯುವ ಕೆಲಸದಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ವಾದ ನಿಲ್ಲುವುದಿಲ್ಲ. ಉಳುಮೆಯಲ್ಲಿ ಗೇರು ಬದಲಿಸಿದರೆ ಮುಗಿಯಿತು. ಕೊಯ್ಯುವ ಯಂತ್ರವನ್ನು ತಿರುಗಿಸುವುದು ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಶಾಫ್ಟು. ಅದು ನಿಮಿಷಕ್ಕೆ 540 ಸುತ್ತು ತಿರುಗಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಎಂಜಿನ್ ವೇಗ ಇಳಿಸಿದರೆ ಪಿಟಿಒ ಕೂಡ ಇಳಿಯುತ್ತದೆ, ಹುಲ್ಲು ಕತ್ತರಿಸದೆ ಬಾಗಿ ಮಲಗುತ್ತದೆ ಎಂದು ಚಾಲಕರು ಹೇಳುವುದು ಸುಳ್ಳಲ್ಲ. ಆದರೆ ಆ ಮಾತಿನ ಇನ್ನೊಂದು ಅರ್ಧವನ್ನೂ ಕೇಳಬೇಕು. 540 ಸುತ್ತು ಬರುವುದು ಎಂಜಿನ್ನಿನ ಗರಿಷ್ಠ ವೇಗದಲ್ಲಿ ಅಲ್ಲ. ಒಂದು ಟ್ರ್ಯಾಕ್ಟರಿನಲ್ಲಿ ಅದು 1800 ಆರ್‌ಪಿಎಂನಲ್ಲಿ ಸಿಗುತ್ತದೆ ಎಂದುಕೊಳ್ಳಿ. ಚಾಲಕ ಕೈ ಆಕ್ಸಿಲರೇಟರನ್ನು ಕೊನೆಗೆ ಎಳೆದು ಎಂಜಿನ್ನನ್ನು 2200ಕ್ಕೆ ಏರಿಸಿದರೆ ಪಿಟಿಒ 660 ಸುತ್ತು ತಿರುಗುತ್ತದೆ. ಬ್ಲೇಡಿನ ವೇಗ ಶೇಕಡಾ 22ರಷ್ಟು ಹೆಚ್ಚಿತು. ಗಾಳಿಯನ್ನು ಸೀಳುವ ಶಕ್ತಿ ವೇಗದ ಘನದಂತೆ ಏರುವುದರಿಂದ, ಬರಿಯ ಗಾಳಿಯನ್ನು ಕಡೆಯಲು ಬೇಕಾದ ಬಲ ಶೇಕಡಾ 80ಕ್ಕಿಂತ ಹೆಚ್ಚಾಯಿತು. ತಿರುಗುವ ಬ್ಲೇಡಿನ ಸದ್ದು ವೇಗದ ಐದನೆಯ ಅಥವಾ ಆರನೆಯ ಘಾತದಂತೆ ಏರುತ್ತದೆ. ಅಲ್ಲಿಗೆ ನಾಲ್ಕೈದು ಡೆಸಿಬೆಲ್ ಸೇರಿತು. ಹುಲ್ಲಿಗೆ ಇದರಿಂದ ಏನೂ ಆಗಲಿಲ್ಲ, 540ರಲ್ಲೂ ಅದು ಕತ್ತರಿಸುತ್ತಿತ್ತು.

ಆರ್‌ಪಿಎಂ ಮೀಟರಿನಲ್ಲಿ 540ಕ್ಕೆ ಒಂದು ಗುರುತು ಇರುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಆ ಮೀಟರು ಕೆಟ್ಟು ನಿಂತಿರುವುದು ಎಷ್ಟೋ ಕಡೆ. ಕೇಬಲ್ ಹೋದರೂ ಗಾಡಿ ಓಡುತ್ತದಲ್ಲ ಎಂದು ಬಿಟ್ಟಿರುತ್ತಾರೆ. ಇಂಧನ ಉಳಿಸುವ ಮೊದಲ ರಿಪೇರಿ ಅದೇ ಎಂದು ನಾನು ಹೇಳುತ್ತೇನೆ. ವೇಗ ಗೊತ್ತಿಲ್ಲದವನಿಗೆ ಕಿವಿಯೊಂದೇ ಅಳತೆ, ಕಿವಿಯೋ ಜೋರು ಸದ್ದನ್ನೇ ಸರಿ ಎಂದು ನಂಬಿಬಿಟ್ಟಿದೆ.

ಇತ್ತೀಚಿನ ಹಲವು ಟ್ರ್ಯಾಕ್ಟರುಗಳಲ್ಲಿ 540ಇ ಎಂಬ ಇನ್ನೊಂದು ಪಿಟಿಒ ಗೇರು ಬರುತ್ತಿದೆ. ಇ ಎಂದರೆ ಮಿತವ್ಯಯದ ಗೇರು. ಇದರಲ್ಲಿ ಎಂಜಿನ್ 1500-1600ರ ಆಸುಪಾಸಿನಲ್ಲಿದ್ದಾಗಲೇ ಶಾಫ್ಟು 540 ಸುತ್ತು ತಿರುಗುತ್ತದೆ. ಕೊಯ್ಲಿನಂಥ ಹಗುರ ಕೆಲಸಕ್ಕೆಂದೇ ಮಾಡಿದ ಅನುಕೂಲ. ಕೊಳ್ಳುವಾಗ ಇದಕ್ಕೂ ಹಣ ಕೊಟ್ಟಿರುತ್ತಾರೆ, ಆಮೇಲೆ ಆ ಲಿವರನ್ನು ಮುಟ್ಟುವವರು ವಿರಳ. ಮುಟ್ಟುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಲೇಬೇಕು. 540ಇ ಹಾಕಿಕೊಂಡು ಹಳೆಯ ಅಭ್ಯಾಸದಲ್ಲಿ ರೈಸ್ ಪೂರ್ತಿ ಕೊಟ್ಟರೆ ಶಾಫ್ಟು 700 ಸುತ್ತು ದಾಟುತ್ತದೆ. ಬ್ಲೇಡು, ಅದರ ಬೋಲ್ಟು, ಬೇರಿಂಗು ಯಾವುದೂ ಅದನ್ನು ತಾಳಲು ಮಾಡಿದ್ದಲ್ಲ. ಬ್ಲೇಡಿನ ತುಂಡೊಂದು ಹಾರಿದರೆ ಪ್ರಾಣಕ್ಕೇ ಬರುತ್ತದೆ.

ರೈಸ್ ಇಳಿಸಿದರೆ ಗಾಡಿ ಎಳೆಯಲ್ಲ, ಎಂಜಿನ್ ಕೆಡುತ್ತೆ ಎಂಬುದು ಇನ್ನೊಂದು ಆಕ್ಷೇಪ. ಭಾರದ ಹೊರೆಗೆ ಇದು ಸರಿ. ಕಡಿಮೆ ವೇಗದಲ್ಲಿ ಎಂಜಿನ್ನನ್ನು ಒದ್ದಾಡಿಸಿದರೆ ಕಪ್ಪು ಹೊಗೆ ಉಗುಳುತ್ತದೆ, ಬಿಸಿಯೇರುತ್ತದೆ, ಸವೆಯುತ್ತದೆ. ಹಾಗಾಗುತ್ತಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಕೆಲಸದ ನಡುವೆ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ನೋಡಬೇಕು. ಎಂಜಿನ್ ತಟ್ಟನೆ ಚಿಗುರಿದರೆ ಅದರಲ್ಲಿ ಇನ್ನೂ ಬಲ ಮಿಕ್ಕಿದೆ; ತಡವರಿಸಿ ಹೊಗೆ ಬಿಟ್ಟರೆ ಒಂದು ಗೇರು ಇಳಿಸಬೇಕು. ಇಷ್ಟನ್ನು ಕಲಿಯಲು ಯಾವ ಡಿಪ್ಲೊಮಾ ಬೇಡ.

ಆದರೂ ಗೇರಿಗಿಂತ, ರೈಸಿಗಿಂತ ದೊಡ್ಡ ಪ್ರಶ್ನೆ ಹಿಂದೆ ಕಟ್ಟಿದ ಯಂತ್ರ ಯಾವುದು ಎಂಬುದು. ಹುಲ್ಲನ್ನು ಎರಡು ಬಗೆಯಲ್ಲಿ ಕತ್ತರಿಸಬಹುದು. ಒಂದು, ಕತ್ತರಿಯಂತೆ ಎರಡು ಅಲುಗುಗಳ ನಡುವೆ ಹಿಡಿದು ತುಂಡರಿಸುವುದು. ಹಲ್ಲುಪಟ್ಟಿಯ ಕೊಯ್ಲು ಯಂತ್ರ ಮಾಡುವುದು ಇದನ್ನೇ; ನೆಲಕ್ಕೆ ಹತ್ತಿರ ಒಂದು ಉದ್ದ ಪಟ್ಟಿ, ಅದರ ಮೇಲೆ ಹಲ್ಲಿನ ಅಲುಗು ಅತ್ತಿತ್ತ ಓಡುತ್ತದೆ. ಇನ್ನೊಂದು, ಅತಿವೇಗದಲ್ಲಿ ತಿರುಗುವ ಬ್ಲೇಡಿನಿಂದ ಹೊಡೆದು ತುಂಡರಿಸುವುದು. ಸ್ಲ್ಯಾಶರ್, ಡಿಸ್ಕ್ ಯಂತ್ರಗಳೆಲ್ಲ ಈ ಗುಂಪಿನವು. ಹೊಡೆತದಿಂದ ಹುಲ್ಲು ತುಂಡಾಗಬೇಕಾದರೆ, ಅದು ಬಾಗುವ ಮೊದಲೇ ಬ್ಲೇಡು ಅದನ್ನು ದಾಟಿರಬೇಕು. ಅದಕ್ಕಾಗಿ ಬ್ಲೇಡಿನ ತುದಿ ಸೆಕೆಂಡಿಗೆ 70 ಮೀಟರಿನ ಆಸುಪಾಸಿನಲ್ಲಿ ಓಡಬೇಕು. ಗಂಟೆಗೆ ಸುಮಾರು 250 ಕಿಲೋಮೀಟರ್! ಕತ್ತರಿಯ ಬಗೆಯ ಅಲುಗು ಓಡುವುದು ಸೆಕೆಂಡಿಗೆ ಕೆಲವೇ ಮೀಟರು.

ಈ ವ್ಯತ್ಯಾಸ ಡೀಸೆಲಿನಲ್ಲಿ ಹೇಗೆ ಕಾಣುತ್ತದೆ? ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಪ್ರಕಟಿಸಿರುವ ಮಾನಕದ ಪ್ರಕಾರ, ಪ್ರತಿ ಮೀಟರ್ ಅಗಲಕ್ಕೆ ಹಲ್ಲುಪಟ್ಟಿಗೆ ಬೇಕಾಗುವುದು 1.2 ಕಿಲೋವ್ಯಾಟ್, ಡಿಸ್ಕ್ ಯಂತ್ರಕ್ಕೆ 5, ಸರಪಳಿಯಂತೆ ತೂಗುವ ಬ್ಲೇಡುಗಳ ಫ್ಲೇಲ್ ಯಂತ್ರಕ್ಕೆ 10. ಒಂದೂವರೆ ಮೀಟರ್ ಅಗಲದ ಲೆಕ್ಕ ಹಿಡಿದರೆ ಕ್ರಮವಾಗಿ ಸುಮಾರು ಎರಡೂವರೆ, ಹತ್ತು, ಇಪ್ಪತ್ತು ಎಚ್‌ಪಿ. ಟ್ರ್ಯಾಕ್ಟರು ತನ್ನನ್ನೇ ಎಳೆದುಕೊಂಡು ಹೋಗಲು ಇನ್ನಷ್ಟು ಸೇರಿಸಿಕೊಳ್ಳಿ. ಅದೇ ಹುಲ್ಲು, ಅದೇ ಅಗಲ, ಬಲದಲ್ಲಿ ಎಂಟು ಪಟ್ಟು ಅಂತರ. ಜೊತೆಗೆ, ಸ್ಲ್ಯಾಶರಿನಲ್ಲಿ ಹೊಡೆದ ಮೇವು ಪುಡಿಯಾಗಿ ಮಣ್ಣಿನೊಂದಿಗೆ ಬೆರೆಯುತ್ತದೆ, ಅದನ್ನು ಬಾಚಿ ತಂದು ಹಸುವಿನ ಮುಂದಿಡಲು ಆಗುವುದಿಲ್ಲ. ಸ್ಲ್ಯಾಶರ್ ಇರುವುದು ಕಳೆ ಕೊಚ್ಚಲು, ತೋಟದ ಸಾಲಿನಲ್ಲಿ ಪಾರ್ಥೇನಿಯಂ ನೆಲಸಮ ಮಾಡಲು. ಮೇವಿಗೆ ಹಲ್ಲುಪಟ್ಟಿಯೇ ಒಳ್ಳೆಯದು. ಕಾಂಡ ಇಡಿಯಾಗಿ ಸಾಲಾಗಿ ಮಲಗುತ್ತದೆ. ಕುದುರೆಮಸಾಲೆ, ಗಿನಿ ಹುಲ್ಲು, ಗಾವಲಿನ ಹುಲ್ಲಿಗೆ ಅದು ಹೇಳಿ ಮಾಡಿಸಿದ ಯಂತ್ರ. ದಪ್ಪ ಬುಡದ ಸೀಮೆಹುಲ್ಲಿನಲ್ಲಿ ಹಲ್ಲು ಕಚ್ಚಿಕೊಂಡು ನಿಲ್ಲುತ್ತದೆ ಎಂಬುದನ್ನೂ ಒಪ್ಪಬೇಕು.

ಹಲ್ಲುಪಟ್ಟಿ ಹಿಂದೆ ಸರಿದದ್ದು ಯಾಕೆ? ಅದರ ಅಲುಗನ್ನು ಆಗಾಗ ಸಾಣೆ ಹಿಡಿಯಬೇಕು, ಮೇಲಿನ ಅಲುಗಿಗೂ ಕೆಳಗಿನ ಪಟ್ಟಿಗೂ ನಡುವಿನ ಸಂದು ಸರಿಯಿರಬೇಕು, ಕಲ್ಲು ಸಿಕ್ಕರೆ ಹಲ್ಲು ಮುರಿಯುತ್ತದೆ. ಶಿವಗಂಗೆಯ ಕಡೆಯ ಕಲ್ಲು ನೆಲದಲ್ಲಿ ಇದು ದೊಡ್ಡ ತಲೆನೋವು. ಸ್ಲ್ಯಾಶರಿಗೆ ಅಂಥ ಉಪಚಾರ ಬೇಡ, ಮೊಂಡ ಬ್ಲೇಡಿನಲ್ಲೂ ಬಡಿದು ಮುಗಿಸುತ್ತದೆ. ಅಂದರೆ ಸಾಣೆ ಹಿಡಿಯುವ ಅರ್ಧ ಗಂಟೆಯ ದುಡಿಮೆಯನ್ನು ಉಳಿಸಲು ನಾವು ಡೀಸೆಲ್ ಸುಡುತ್ತಿದ್ದೇವೆ. ಕುಡುಗೋಲು ಮೊಂಡಾದರೆ ಸಾಣೆಗೆ ಕೊಡದೆ ಹೊಲಕ್ಕೆ ಇಳಿಯದವರು ನಮ್ಮ ಹಿರಿಯರು. ಆ ಶಿಸ್ತು ಟ್ರ್ಯಾಕ್ಟರಿಗೂ ಬರಬೇಕಿತ್ತು.

ಕುಡುಗೋಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಎರಡು ಮೂರು ಹಸು ಸಾಕಿ, ಹತ್ತು ಗುಂಟೆಯಲ್ಲಿ ಸೀಮೆಹುಲ್ಲು ಬೆಳೆದವರಿಗೆ ಟ್ರ್ಯಾಕ್ಟರು ಬೇಕಿಲ್ಲ. ದಿನಕ್ಕೆ ಬೇಕಾದಷ್ಟನ್ನು ಕೈಯಲ್ಲಿ ಕೊಯ್ದು, ಕರೆಂಟಿನ ಮೇವು ಕತ್ತರಿಸುವ ಯಂತ್ರಕ್ಕೆ ಹಾಕುವುದೇ ಅಗ್ಗ. ಆ ಕೈ ಬಹುತೇಕ ಮನೆಯ ಹೆಂಗಸರದು, ಅವರ ಬೆನ್ನುನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಗ್ಗ ಎನ್ನುವುದು ನ್ಯಾಯವಲ್ಲ. ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಬಂದದ್ದು ಈ ಕಾರಣಕ್ಕೇ. ಅದರ ಎರಡು ಸ್ಟ್ರೋಕಿನ ಎಂಜಿನ್ ಕಿವಿಯ ಹತ್ತಿರವೇ ಕೂಗುತ್ತದೆ. ನಾಲ್ಕು ಸ್ಟ್ರೋಕಿನದು ಕಡಿಮೆ ಪೆಟ್ರೋಲಿನಲ್ಲಿ, ಕಡಿಮೆ ಸದ್ದಿನಲ್ಲಿ ಅದೇ ಕೆಲಸ ಮಾಡುತ್ತದೆ. ಹಲವು ಎಕರೆ ಮೇವು ಬೆಳೆದು ರಸಮೇವು ಮಾಡಿಡುವವರಿಗೆ, ಸಂಸ್ಥೆಗಳ ದೊಡ್ಡ ಗಾವಲುಗಳಿಗೆ ಟ್ರ್ಯಾಕ್ಟರು ಅನಿವಾರ್ಯ. ಅಲ್ಲಿ ಕೂಡ 45 ಎಚ್‌ಪಿಯ ಬದಲು ಮಿನಿ ಟ್ರ್ಯಾಕ್ಟರು ಸಾಕಾಗುವ ಕಡೆ ದೊಡ್ಡದನ್ನು ಇಳಿಸುವುದು ವ್ಯರ್ಥ.

ಈಗ ಸದ್ದಿನ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಡೀಸೆಲಿಗಿಂತ ದೊಡ್ಡ ನಷ್ಟ ಇದು, ಯಾಕೆಂದರೆ ಹೋದ ಕಿವಿಯನ್ನು ಬಂಕಿನಲ್ಲಿ ತುಂಬಿಸಿಕೊಳ್ಳಲಾಗದು. ಕ್ಯಾಬಿನ್ ಇಲ್ಲದ ನಮ್ಮ ಟ್ರ್ಯಾಕ್ಟರುಗಳಲ್ಲಿ ಸೈಲೆನ್ಸರ್ ಬಾನೆಟ್ಟಿನ ಮೇಲೆ ಚಾಲಕನ ಮುಖಕ್ಕೆ ನೇರವಾಗಿ ನಿಂತಿರುತ್ತದೆ. ಪೂರ್ಣ ರೈಸಿನಲ್ಲಿ ಚಾಲಕನ ಕಿವಿಯ ಬಳಿ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಕೊಡುವ ಮಿತಿ ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ಮೂರು ಡೆಸಿಬೆಲ್ ಎಂದರೆ ಸದ್ದಿನ ಶಕ್ತಿ ಇಮ್ಮಡಿ. ಇದನ್ನು ತಿರುಗಿಸಿ ನೋಡಿದರೆ, ರೈಸ್ ಇಳಿಸಿ ನಾಲ್ಕೈದು ಡೆಸಿಬೆಲ್ ತಗ್ಗಿಸಿದವರು ಚಾಲಕನ ಕಿವಿಗೆ ಎರಡು ಪಟ್ಟಿಗಿಂತ ಹೆಚ್ಚು ಸುರಕ್ಷಿತ ಸಮಯ ಕೊಟ್ಟಂತಾಯಿತು.

ನಮ್ಮ ದೇಶದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್ ಎಂಬ ಮಿತಿ ಹಾಕಿವೆ. ಸೋಂಪುರದ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ದುಡಿಯುವವನಿಗೆ ಕಾಗದದ ಮೇಲಾದರೂ ಈ ರಕ್ಷಣೆಯಿದೆ. ಕಾಂಪೌಂಡಿನ ಆಚೆ ಹೊಲದಲ್ಲಿ ಟ್ರ್ಯಾಕ್ಟರು ಓಡಿಸುವವನಿಗೆ ಅದೂ ಇಲ್ಲ. ಎಂಜಿನ್ನಿನ ಸದ್ದು ಮರೆಸಲು ಅವನು ಅದಕ್ಕಿಂತ ಜೋರಾಗಿ ಹಾಡು ಹಾಕಿಕೊಳ್ಳುತ್ತಾನೆ. ಕಿವಿಯ ಮೇಲೆ ಹೊರೆ ಮತ್ತಷ್ಟು ಏರುತ್ತದೆ. ನಲವತ್ತು ದಾಟುವ ಹೊತ್ತಿಗೆ ಮನೆಯವರ ಮಾತಿಗೆ ಎರಡೆರಡು ಸಲ ಏನು ಎಂದು ಕೇಳುವ ಚಾಲಕರು ಪ್ರತಿ ಊರಿನಲ್ಲೂ ಇದ್ದಾರೆ, ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ತುಕ್ಕು ಹಿಡಿದು ತೂತಾದ ಸೈಲೆನ್ಸರ್ ಬದಲಿಸುವುದು, ಹತ್ತಿಪ್ಪತ್ತು ರೂಪಾಯಿಯ ಇಯರ್‌ಪ್ಲಗ್ ಹಾಕಿಕೊಳ್ಳುವುದು ಅವನಿಗೆ ಯಾರೂ ಕಲಿಸದ ಸಂಗತಿಗಳು.

ನೆರೆಹೊರೆಯೂ ಬದಲಾಗಿದೆ. 2024ರ ನವೆಂಬರಿನಲ್ಲಿ ಬೆಂಗಳೂರಿನ ಮೆಟ್ರೋ ನಮ್ಮ ಹತ್ತಿರದ ಮಾದಾವರಕ್ಕೆ ಬಂತು. ಲೇಔಟುಗಳು ಅದಕ್ಕೂ ಮೊದಲೇ ಹೊಲಗಳ ನಡುವೆ ಎದ್ದಿದ್ದವು. ಮೇವಿನ ತಾಕು, ಅದರ ಬದಿಗೆ ಮನೆ, ಅದರಾಚೆ ಶಾಲೆ ಎಂಬಂಥ ನೋಟ ಈಗ ಸಾಮಾನ್ಯ. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಎನ್ನುತ್ತದೆ. ಹೆದ್ದಾರಿಯ ಲಾರಿಗಳೇ ಅದನ್ನು ದಾಟಿರುವಾಗ ರೈತನ ಟ್ರ್ಯಾಕ್ಟರಿನ ಮೇಲೆ ಮಾತ್ರ ಬೆರಳು ತೋರಿಸುವುದು ಅನ್ಯಾಯ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆ. ಹೊಲ ಮೊದಲು ಬಂದದ್ದು, ಮನೆ ಆಮೇಲೆ. ಆದರೆ ದೂರಿನ ಅರ್ಜಿ ಬರುವ ಮೊದಲೇ ಸದ್ದು ತಗ್ಗಿಸಿದ ರೈತ ಬೆಳಿಗ್ಗೆ ಬೇಗ ಕೊಯ್ಯುವ ತನ್ನ ಹಕ್ಕನ್ನು ಉಳಿಸಿಕೊಳ್ಳುತ್ತಾನೆ. ಹಾಲು ಕರೆಯುವ ವೇಳೆಗೆ ಮೇವು ಬೇಕಾದವನಿಗೆ ಅದು ಸಣ್ಣ ಹಕ್ಕಲ್ಲ.

ಯಂತ್ರದ ಜೊತೆಗೆ ಹುಲ್ಲಿನ ಪ್ರಾಯವೂ ಡೀಸೆಲಿನ ಲೆಕ್ಕಕ್ಕೆ ಬರುತ್ತದೆ. ಸೀಮೆಹುಲ್ಲನ್ನು ಮೊದಲ ಸಲ ಎರಡೂವರೆ ತಿಂಗಳಿಗೆ, ಆಮೇಲೆ ಸುಮಾರು 45 ದಿನಕ್ಕೊಮ್ಮೆ ಕೊಯ್ದರೆ ಕಾಂಡ ಎಳೆಯದಾಗಿರುತ್ತದೆ. ಬಿಟ್ಟರೆ ನಾರು ಬಲಿತು ಅಲುಗಿಗೂ ಹಸುವಿನ ಹಲ್ಲಿಗೂ ಕಷ್ಟ. ಡೀಸೆಲ್ ಹೆಚ್ಚು, ಹಾಲು ಕಡಿಮೆ. ತಾಕಿನ ಆಕಾರ ಇನ್ನೊಂದು. ಅರ್ಧ ಎಕರೆಯಲ್ಲಿ ಅಡ್ಡಡ್ಡ ಓಡಿದರೆ ಕೊಯ್ಯುವುದಕ್ಕಿಂತ ತಿರುಗುವುದೇ ಹೆಚ್ಚು, ಉದ್ದದ ಕಡೆಗೇ ಸಾಲು ಹಿಡಿಯಬೇಕು. ದೊಡ್ಡ ಗಾವಲಿನಲ್ಲಿ ನಡುವಿನಿಂದ ಅಂಚಿಗೆ ಕೊಯ್ಯುತ್ತ ಬಂದರೆ ಗೌಜಲಹಕ್ಕಿಯಂಥ ನೆಲದ ಹಕ್ಕಿಗಳು ಹೊರಗೆ ಓಡಿ ಬದುಕುತ್ತವೆ. ಅಂಚಿನಿಂದ ನಡುವಿಗೆ ಹೋದರೆ ಕೊನೆಯ ತುಂಡು ಹುಲ್ಲಿನಲ್ಲಿ ಸಿಕ್ಕಿಬೀಳುತ್ತವೆ. ಹೆಸರಘಟ್ಟದ ಆಸುಪಾಸಿನಲ್ಲಿ ಕೊಯ್ಯುವವರು ಇದನ್ನು ಮರೆಯಬಾರದು.

ಇಷ್ಟೆಲ್ಲ ಗೊತ್ತಿದ್ದೂ ರೂಢಿ ಬದಲಾಗದಿರಲು ಬಲವಾದ ಕಾರಣ ಹಣದ ಲೆಕ್ಕದಲ್ಲಿದೆ. ನಮ್ಮಲ್ಲಿ ಟ್ರ್ಯಾಕ್ಟರು ಸ್ವಂತ ಇರುವವರಿಗಿಂತ ಬಾಡಿಗೆಗೆ ಕರೆಸುವವರು ಹೆಚ್ಚು. ಬಾಡಿಗೆ ಗಂಟೆಯ ಲೆಕ್ಕ. ಹೊಲದವರಿಗೆ ಗಾಡಿ ಕೂಗುತ್ತಿದ್ದರೆ ಹಣ ವಸೂಲಾಯಿತು ಎಂಬ ಸಮಾಧಾನ. ಹಳೆಯ ಟ್ರ್ಯಾಕ್ಟರುಗಳ ಗಂಟೆ ಮೀಟರು ಗಡಿಯಾರವಲ್ಲ, ಎಂಜಿನ್ನಿನ ಸುತ್ತುಗಳನ್ನು ಎಣಿಸಿ ಗಂಟೆ ತೋರಿಸುವ ಸಾಧನ. ಆ ಮೀಟರು ನೋಡಿ ಹಣ ಕೊಡುವ ಕಡೆ ರೈಸ್ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚುತ್ತದೆ. ಡೀಸೆಲ್ ಮಾಲೀಕನದು, ಕಿವಿ ಚಾಲಕನದು, ಹಣ ರೈತನದು. ಉಳಿತಾಯ ಯಾರಿಗೂ ಪೂರ್ತಿ ಸಿಗದಿರುವಾಗ ಯಾರು ಯಾಕೆ ಉಳಿಸಬೇಕು? ಮೇವು ಕೊಯ್ಯುವ ಬಾಡಿಗೆಯನ್ನು ಎಕರೆಗೆ ಇಷ್ಟೆಂದು ನಿಗದಿ ಮಾಡಿದರೆ ಈ ಗಂಟು ಅರ್ಧ ಬಿಚ್ಚುತ್ತದೆ. ಆಗ ಡೀಸೆಲ್ ಉಳಿಸಿದ ಮಾಲೀಕನಿಗೆ ಲಾಭ, ರೈತನಿಗೆ ಖರ್ಚು ಮೊದಲೇ ಗೊತ್ತು.

ಸರ್ಕಾರ ಕೈಕಟ್ಟಿ ಕುಳಿತಿಲ್ಲ, ಆದರೆ ಹಣ ಹೋಗುತ್ತಿರುವ ದಾರಿ ಬೇರೆ. 2022-23ರ ಬಜೆಟ್ಟಿನಲ್ಲಿ ಘೋಷಿಸಿದ ರೈತ ಶಕ್ತಿ ಯೋಜನೆಯಲ್ಲಿ ಡೀಸೆಲಿಗೆಂದು ಎಕರೆಗೆ 250 ರೂಪಾಯಿ, ಐದು ಎಕರೆಯವರೆಗೆ. ಲೀಟರಿಗೆ 90 ರೂಪಾಯಿ ಲೆಕ್ಕ ಹಿಡಿದರೆ ಅದು ಮೂರು ಲೀಟರೂ ಅಲ್ಲ. ಗಂಟೆಗೆ ಮೂರೂವರೆ ಲೀಟರ್ ಕುಡಿಯುವ ಟ್ರ್ಯಾಕ್ಟರಿನಲ್ಲಿ ಅರ್ಧ ಲೀಟರ್ ಉಳಿಸಲು ಸಾಧ್ಯವಾದರೆ ಆರು ಗಂಟೆಯ ಕೆಲಸದಲ್ಲಿ ಒಂದು ಎಕರೆಯ ಆ ಸಹಾಯಧನವೇ ಉಳಿದಂತೆ. ಸಹಾಯಧನ ನಿಲ್ಲಿಸಿ ಎನ್ನುತ್ತಿಲ್ಲ, ಬೆಲೆಯೇರಿಕೆಯ ಕಾಲದಲ್ಲಿ ರೈತನಿಗೆ ಅದು ಬೇಕು. ಲೀಟರು ಕೊಡುವವರು ಲೀಟರು ಉಳಿಸುವ ವಿದ್ಯೆಯನ್ನೂ ಕೊಡಲಿ ಎಂಬುದಷ್ಟೇ ಬೇಡಿಕೆ.

ಕೊಡಲು ಜಾಗ ಸಿದ್ಧವಾಗಿಯೇ ಇದೆ. 2014ರಿಂದ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ. ಪ್ರತಿ ಕೇಂದ್ರದ ಗೋಡೆಯ ಮೇಲೆ, ಅಲ್ಲಿರುವ ಪ್ರತಿ ಟ್ರ್ಯಾಕ್ಟರು 540 ಸುತ್ತಿಗೆ ಎಷ್ಟು ಆರ್‌ಪಿಎಂನಲ್ಲಿ ಓಡಬೇಕು, 540ಇ ಇದೆಯೇ, ಇದ್ದರೆ ಯಾವ ಕೆಲಸಕ್ಕೆ ಎಂಬುದನ್ನು ಕನ್ನಡದಲ್ಲಿ ಬರೆಯಬಹುದು. ಬುದ್ನಿಯ ವರದಿಯಲ್ಲಿರುವ ಇಂಧನ ಮತ್ತು ಸದ್ದಿನ ಅಂಕಿಗಳನ್ನು ಅದರ ಪಕ್ಕದಲ್ಲೇ ಹಾಕಬಹುದು. ಬಾಡಿಗೆಗೆ ಬರುವ ಸ್ಲ್ಯಾಶರಿನ ಜೊತೆಗೆ ಒಂದು ಹಲ್ಲುಪಟ್ಟಿಯನ್ನೂ, ಅದನ್ನು ಸಾಣೆ ಹಿಡಿಯುವ ಕಲ್ಲನ್ನೂ, ಚಾಲಕನಿಗೆ ಒಂದು ಜೊತೆ ಇಯರ್‌ಪ್ಲಗ್ಗನ್ನೂ ಇಡಬಹುದು. ಹೆಸರಘಟ್ಟದ ಮೇವು ಕೇಂದ್ರ ವರ್ಷಕ್ಕೊಮ್ಮೆ ಮುಂಗಾರಿನ ಕೊಯ್ಲಿನ ಹೊತ್ತಿಗೆ ನೆಲಮಂಗಲದ ಚಾಲಕರನ್ನು ಕರೆದು, ಒಂದೇ ಗಾವಲಿನ ಎರಡು ಪಟ್ಟಿಯನ್ನು ಎರಡು ಬಗೆಯಲ್ಲಿ ಕೊಯ್ಯಿಸಿ, ಅವರ ಕಣ್ಣೆದುರೇ ಟ್ಯಾಂಕಿನ ಡೀಸೆಲನ್ನು ಅಳೆದು ತೋರಿಸಲಿ.